ಕೈಹೆಣಿಗೆಯ ಟೆಡ್ಡಿಗೂ ನೋಂದಣಿಯ ನೆರವು ಬೇಕು

ಮಾನ್ಯ ಸಂಪಾದಕರೆ,

ಚಿತ್ರದುರ್ಗ ಜಿಲ್ಲೆಯಲ್ಲಿ ಉಣ್ಣೆ ಎಂದೊಡನೆ ಚಳ್ಳಕೆರೆಯ ಕಂಬಳಿ ನೆನಪಾಗುವುದು ಸಹಜ. ಆದರೆ ಮನೆಯಲ್ಲೇ ಕುಳಿತು ಉಲ್ಲನ್ ದಾರದಲ್ಲಿ ಟೆಡ್ಡಿ ಕರಡಿ ಹೆಣೆದು ಪರಿಚಿತರಿಗೆ ಮಾರುವ ಮಹಿಳೆಯರೂ ಇಲ್ಲಿದ್ದಾರೆ. ಕಂಬಳಿಗೆ ಒಗ್ಗುವ ಒರಟು ಕುರಿಯುಣ್ಣೆ ಮಗುವಿನ ಕೆನ್ನೆಗೆ ಚುಚ್ಚುವುದರಿಂದ ಇದಕ್ಕೆ ಮೃದುವಾದ ಅಕ್ರಿಲಿಕ್ ದಾರವೇ ಅನುಕೂಲ.

ಈ ಕೆಲಸದಲ್ಲಿ ಅಂದಕ್ಕಿಂತ ಸುರಕ್ಷತೆ ಮುಖ್ಯ. ಸ್ವೆಟರಿಗೆ ಬಳಸುವುದಕ್ಕಿಂತ ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯದಿದ್ದರೆ ಒಳಗೆ ತುಂಬಿದ ಹತ್ತಿ ಹೊರಗೆ ಇಣುಕುತ್ತದೆ. ಗುಂಡಿ ಅಥವಾ ಮಣಿಯ ಕಣ್ಣು ಕಿತ್ತುಬಂದು ಎಳೆಯ ಮಕ್ಕಳ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ, 3 ವರ್ಷದೊಳಗಿನವರ ಗೊಂಬೆಗೆ ಕಣ್ಣು, ಮೂಗುಗಳನ್ನು ದಾರದಿಂದಲೇ ಕಸೂತಿ ಮಾಡಬೇಕಾಗುತ್ತದೆ. ಚೌಕಾಸಿ ಮಾಡುವವರಿಗೆ ಈ ಶ್ರಮ ಕಾಣುವುದಿಲ್ಲ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆಯಾದರೂ, ಬಿಡುವಿನ ವೇಳೆಯಲ್ಲಿ ಹೆಣೆಯುವ ಗೃಹಿಣಿಗೆ ತಾನೂ ಕುಶಲಕರ್ಮಿ ಎಂಬ ಅರಿವೇ ಇರುವುದಿಲ್ಲ. ಆದ್ದರಿಂದ ಜಿಲ್ಲಾಡಳಿತವು ಸ್ತ್ರೀಶಕ್ತಿ ಸಂಘಗಳ ಮೂಲಕ ತಾಲ್ಲೂಕು ಮಟ್ಟದಲ್ಲಿ ನೋಂದಣಿ ಶಿಬಿರ ನಡೆಸಿ, ಕೈಹೆಣಿಗೆಯ ಗೊಂಬೆ ಮಾಡುವವರ ಅರ್ಜಿಗಳನ್ನೂ ಸ್ವೀಕರಿಸುವಂತೆ ನೋಡಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓದುಗರೊಬ್ಬರು, ಚಿತ್ರದುರ್ಗ