ಅಟ್ಟದ ಮೇಲಿನ ಕಟ್ಟು ಯಾರಿಗೂ ಕೊಡ್ಬೇಡಿ

ಹೈಡೆಲ್‌ಬರ್ಗ್, ಭಾನುವಾರ

ಅಪ್ಪಯ್ಯ, ಅಮ್ಮ,

ನಾನು ಆರಾಮ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ತಳ ಕಂಡಿದೆ, ಅದ್ರ ವಿಷಯ ಆಮೇಲೆ. ಮೊದ್ಲು ಅಟ್ಟದ ಮೇಲಿನ ಕಟ್ಟಿನ ವಿಷಯ. ತಮ್ಮ ಮೊನ್ನೆ ವಾಟ್ಸಾಪಲ್ಲಿ ಎರಡು ಓಲೆಗರಿ ಫೋಟೋ ಕಳ್ಸಿದ್ದ, ಅಜ್ಜಿ "ಮಲಯಾಳದ ಮಾಟ, ಮುಟ್ಬೇಡ್ರೋ" ಅಂತ ಹೆದರಿಸ್ತಿದ್ರಲ್ಲ ಅದೇ ಕಟ್ಟಿಂದು. ಅದು ಮಲಯಾಳ ಅಲ್ಲ ಅಪ್ಪಯ್ಯ, ತಿಗಳಾರಿ ಲಿಪಿ. ಎರಡೂ ದಕ್ಷಿಣದಲ್ಲಿ ಸಂಸ್ಕೃತ ಬರೆಯೋಕಿದ್ದ ಹಳೇ 'ಗ್ರಂಥ' ಅನ್ನೋ ಲಿಪಿಯಿಂದ ಬಂದಿದ್ದಕ್ಕೆ ಅಕ್ಕ ತಂಗಿ ಥರ ಕಾಣ್ತವೆ, ಅಜ್ಜಿದೇನೂ ತಪ್ಪಿಲ್ಲ ಬಿಡಿ. ನಮ್ಮ ಕಡೆ, ಘಟ್ಟದ ಕೆಳಗೆ ಎಲ್ಲಾ ಸಂಸ್ಕೃತ ಬರ್ಕೊಳ್ತಿದ್ದಿದ್ದೇ ಇದ್ರಲ್ಲಿ. ರಾತ್ರಿ ಒಂದೂವರೆ ತನಕ ಫೋಟೋ ದೊಡ್ಡದು ಮಾಡಿ ಮಾಡಿ ನೋಡ್ದೆ, ಎಡ ತುದಿ ಹುಳ ತಿಂದಿದೆ, ಉಳಿದಿದ್ದು "...ಪತಯೇ ನಮಃ ಅವಿಘ್ನಮಸ್ತು". ಮಾಟವಂತೆ! ಮುಂದಿನ ಸಾಲಿಗೆ ತಮ್ಮನ ಹೆಬ್ಬೆರಳು ಅಡ್ಡ ಬಂದಿದೆ.

ಸಂಸ್ಕೃತ ಕನ್ನಡ ಓದೋಕೆ ಜರ್ಮನಿಗೆ ಯಾಕೆ ಹೋಗ್ಬೇಕಿತ್ತು ಅಂತ ಮಾವ ಮತ್ತೆ ಕೇಳಿದ್ರಂತೆ. ಇಲ್ಲಿ ಸೌತ್ ಏಷ್ಯಾ ಇನ್‌ಸ್ಟಿಟ್ಯೂಟ್ ಶುರುವಾಗಿದ್ದೇ 1962ರಲ್ಲಿ, ಇತಿಹಾಸ, ರಾಜಕೀಯ, ಮಾನವಶಾಸ್ತ್ರ, ಜೊತೆಗೆ ಹಿಂದಿ ಉರ್ದು ಬಂಗಾಳಿ ತಮಿಳು ಸಂಸ್ಕೃತ, ಎಲ್ಲಾ ಒಂದೇ ಕಡೆ. ನಾನು ತಮಿಳು ತಗೊಂಡೆ, ಹಳಗನ್ನಡ ಅರ್ಥ ಆಗೋಕೆ ಶುರುವಾಗಿದ್ದು ಅದಾದ್ಮೇಲೇ ಅಂದ್ರೆ ಮಾವ ನಗ್ತಾರೆ, ಆದ್ರೂ ಹೇಳಿ. ಹಾಗೇ 1894ರಲ್ಲಿ ನಿಘಂಟು ತಂದ ಕಿಟೆಲ್ ಯಾವ ದೇಶದವ್ರು ಅಂತಾನೂ ಕೇಳಿ ನೋಡಿ. ಅವ್ರ ಸಮಾಧಿ ಟ್ಯೂಬಿಂಗೆನ್‌ನಲ್ಲಿದೆ, ರಜೆ ಸಿಕ್ಕಿದ್ರೆ ಹೋಗ್ಬೇಕು.

ತಮ್ಮನ್ನ ಇಂಜಿನಿಯರಿಂಗ್‌ಗೇ ಹಾಕ್ಬೇಕು ಅಂತ ಹಟ ಮಾಡ್ಬೇಡಿ ಅಪ್ಪಯ್ಯ. ಅವ್ನಿಗೆ ಓಲೆಗರಿ ಹುಚ್ಚು ನಂಗಿಂತ ಜಾಸ್ತಿ. ಬಿಎ ಅಲ್ಲೇ ಮಾಡ್ಲಿ, ಶಂಕರಘಟ್ಟದ ಕುವೆಂಪು ಯೂನಿವರ್ಸಿಟಿ ಇದೆ, ಮೈಸೂರಿದೆ. ಅಮೆರಿಕದ ಹುಡುಗ್ರು ಕನ್ನಡ ಕಲಿಯೋಕೆ ಮೈಸೂರಿಗೆ ಬರ್ತಾರೆ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವ್ರು ಅಲ್ಲಿ ಕ್ಲಾಸ್ ನಡೆಸ್ತಾರೆ. ಅದೇ ಮೈಸೂರಿನ ಕವಿ ಎ.ಕೆ. ರಾಮಾನುಜನ್ ಮೂವತ್ತು ವರ್ಷ ಪಾಠ ಹೇಳಿದ್ದು ಶಿಕಾಗೋದಲ್ಲಿ. ಐಟಿಯವ್ರ ಸಂಬಳ ಬರುತ್ತೆ ಅಂತ ನಾನು ಹೇಳಲ್ಲ, ಸುಳ್ಳಾಗುತ್ತೆ. ಖರ್ಚೂ ಇದೆ. ಜರ್ಮನಿಯ ಈ ರಾಜ್ಯದಲ್ಲಿ ಯುರೋಪಿನ ಆಚೆಯಿಂದ ಬಂದ ನಮ್ಮಂಥವ್ರಿಗೆ ಸೆಮಿಸ್ಟರಿಗೆ 1500 ಯೂರೋ ಫೀಸು, ಮೇಲಿಂದ ವೀಸಾಗೆ ಅಂತ ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಖಾತೆ) 11,904 ಯೂರೋ ಇಡ್ಬೇಕು, ಆ ವರ್ಷ ಅಡಿಕೆ ರೇಟು ಕೈ ಹಿಡೀದಿದ್ರೆ ನಾನೂ ಇಲ್ಲಿರ್ತಿರ್ಲಿಲ್ಲ, ಗೊತ್ತು. ಅವ್ನಿಗೆ ಎಂಎ ಹೊತ್ತಿಗೆ ಸ್ಕಾಲರ್‌ಶಿಪ್ ಹುಡುಕೋದು ನನ್ನ ಜವಾಬ್ದಾರಿ.

ಈಗ ಕಟ್ಟು. ಹಳೇ ಸಾಮಾನಿನವ್ನು ಎರಡು ಸಾವಿರ ಕೊಡ್ತೀನಿ ಅಂದ್ನಂತೆ, ದಯವಿಟ್ಟು ಕೊಡ್ಬೇಡಿ. ಸೌದೆ ಒಲೆ ಉರೀತಿದ್ದಾಗ ಹೊಗೆ ತಾಗಿ ಹುಳ ಹತ್ರ ಬರ್ತಿರ್ಲಿಲ್ಲ, ಗ್ಯಾಸ್ ಬಂದ್ಮೇಲೆ ಹೀಗಾಗಿರೋದು. ಅಮ್ಮ, ಒದ್ದೆ ಬಟ್ಟೆಯಲ್ಲಿ ಒರ್ಸೋಕೆ ಹೋಗ್ಬೇಡ, ಬಿಸಿಲಿಗೂ ಇಡ್ಬೇಡ, ಗರಿ ಸೀಳುತ್ತೆ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ಅಜ್ಜನ ಪೆಟ್ಟಿಗೆಯಲ್ಲಿಟ್ಟಿರು ಸಾಕು. ಸಾಗರದ ಕಡೆ ಹೋದಾಗ ಕೆಳದಿ ಮ್ಯೂಸಿಯಂಗೆ ಹೋಗಿ ಕೇಳಿ ಅಪ್ಪಯ್ಯ, ಅಲ್ಲಿ ಇಂಥ ಕಟ್ಟುಗಳೇ ಇದಾವೆ, ಎಣ್ಣೆ ಹಚ್ಚೋದು ಹೇಗೆ ಅಂತ ಹೇಳ್ತಾರೆ. ತಮ್ಮನಿಗೆ ಹೇಳಿ, ಬೆಳಿಗ್ಗೆ ಹೊತ್ತು ಜಗಲಿ ಮೇಲೆ ಒಂದೊಂದೇ ಗರಿ ಎರಡೂ ಬದಿ ಫೋಟೋ ತೆಗೀಲಿ, ಆದ್ರೆ ದಾರ ಬಿಚ್ಚೋದು ಬೇಡ, ಒಂದ್ಸಲ ಹಿಂದೆ ಮುಂದೆ ಆದ್ರೆ ಜೋಡ್ಸೋಕೆ ನಂಗೆ ಇನ್ನೊಂದು ಡಿಗ್ರಿ ಬೇಕಾಗುತ್ತೆ. ಹೆಬ್ಬೆರಳು ಆಚೆ ಇಟ್ಕೊಳ್ಳೋಕೂ ಹೇಳಿ.

ಉಪ್ಪಿನಕಾಯಿ ಎರಡು ಬಾಟ್ಲಿ ಕಳ್ಸು ಅಮ್ಮ, ಒಂದು ಇಲ್ಲಿ ರೂಮ್‌ಮೇಟಿಗೇ ಹೋಗುತ್ತೆ.

ನಿಮ್ಮ ಮಗಳು