ಬೈಬಲ್ ಚರ್ಚೆಗೆ ಪುರಾವೆ ಬೇಕು

ಮಾನ್ಯರೇ,

ನಮ್ಮ ಬೀದರ್‌ನಲ್ಲಿ ಸುವಾರ್ತೆಗಳ, ಅಂದರೆ ಯೇಸುವಿನ ಬದುಕು ಹೇಳುವ ಬೈಬಲ್ ಪುಸ್ತಕಗಳ ಬಗ್ಗೆ ವಾದ ಎದ್ದರೆ ಎರಡೇ ಮಾತು. ಎಲ್ಲ ಅಕ್ಷರಶಃ ನಿಜ, ಇಲ್ಲವೇ ಎಲ್ಲ ಕಟ್ಟುಕತೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಯೂದಾಯದ ರೋಮನ್ ಅಧಿಪತಿ ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿದೆ. ಅವನ ಆಡಳಿತದಲ್ಲೇ ಕ್ರಿಸ್ತನಿಗೆ ಮರಣದಂಡನೆ ಆಯಿತೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಟ್ಯಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಆ ಮಾತಿಗೆ ತೂಕ ಜಾಸ್ತಿ, ಅಲ್ವಾ?

ತೊಡಕೂ ಇದೆ. ಯೇಸು ಹುಟ್ಟಿದ್ದು ಯೂದಾಯದ ರಾಜ ಹೆರೋದನ ಕಾಲದಲ್ಲಿ ಎನ್ನುತ್ತಾನೆ ಸುವಾರ್ತೆ ಬರೆದ ಮತ್ತಾಯ. ಇನ್ನೊಂದು ಸುವಾರ್ತೆಯ ಲೂಕ, ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಯನ್ನೂ ಸೇರಿಸುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರ ಸುಮಾರಿಗೆ, ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಎರಡೂ ಒಂದೇ ಕಾಲಕ್ಕೆ ಕೂಡುವುದಿಲ್ಲ. ಇಂಥದ್ದನ್ನು ಸುಮ್ನೆ ಮುಚ್ಚಿಡುವುದು ಬೇಡ. ಚರ್ಚಿನ ಹಿರಿಯರೇ ಹುಡುಗರ ಮುಂದಿಟ್ಟು ಮಾತಾಡಲಿ.

– ಓದುಗ, ಬೀದರ್