ನಾನೊಬ್ಬಳೇ ನೋಡಿಕೊಳ್ತೀನಿ ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತು ಎದ್ದೆ. ನಿನ್ನ ಆಫೀಸಿನಲ್ಲಿ ಏನಾಯಿತು, ಆ ಫೈಲುಗಳಲ್ಲಿ ಏನಿತ್ತು, ಅದನ್ನೆಲ್ಲ ಮತ್ತೆ ಎತ್ತುವುದಿಲ್ಲ. ಅದು ನಮಗೆಲ್ಲ ಗೊತ್ತಿರುವ ವಿಷಯ. ಆಫೀಸಿನ ತಪ್ಪಿನ ಬಗ್ಗೆ ನೀನು ಬಾಯಿ ಬಿಟ್ಟಿದ್ದು ಸರಿ ಅಂತ ನಿನ್ನ ಅಪ್ಪನ ಎದುರಿಗೇ ಹೇಳಿದ್ದೇನೆ. ಅದೂ ನಿನಗೆ ಗೊತ್ತು.

ನನ್ನ ನಿದ್ದೆ ಕೆಡಿಸಿದ್ದು ಪತ್ರದ ಕೊನೆಯ ನಾಲ್ಕು ಸಾಲು. "ಕೋರ್ಟು, ಸರ್ಕಾರ, ಕಂಪನಿ ಎಲ್ಲ ಒಂದೇ ದೊಡ್ಡಮ್ಮ. ತೀರ್ಪು ಮೊದಲೇ ಬರೆದಿಟ್ಟಿರ್ತಾರೆ. ವಕೀಲರಿಗೆ ದುಡ್ಡು ಸುರಿಯೋದು ದಂಡ. ಏನು ಬಂದ್ರೂ ನಾನೊಬ್ಬಳೇ ನೋಡಿಕೊಳ್ತೀನಿ, ನೀವ್ಯಾರೂ ಬರಬೇಡಿ."

ಮೊದಲ ಮೂರು ಸಾಲಿನ ಬಗ್ಗೆ ನಿನ್ನ ಜೊತೆ ವಾದ ಮಾಡಬಹುದು, ಮಾಡದೇನೂ ಇರಬಹುದು. ಆ ಕೊನೆಯ ಸಾಲು ಓದಿ ನನಗೆ ಭಯವಾಯಿತು ಪುಟ್ಟಿ. ಪತ್ರ ಮಡಿಸಿಟ್ಟು, ಮತ್ತೆ ತೆಗೆದು ಅದೊಂದೇ ಸಾಲು ಓದಿದೆ.

ಕೋರ್ಟನ್ನು ನಂಬಬಾರದು ಅನ್ನಲು ನೀನು ಬರೆದಿದ್ದ ಕೇಸುಗಳ ಹೆಸರುಗಳನ್ನೆಲ್ಲ ಹುಡುಕಿ ಓದಿದೆ. ಒಂದು ವಾರ ಅದೇ ಕೆಲಸವಾಯಿತು. ನಿನ್ನ ಸಿಟ್ಟು ಸುಳ್ಳು ಅಂತ ಹೇಳಲು ನನ್ನಿಂದ ಆಗುವುದಿಲ್ಲ. ಸಿನಿಮಾ, ಹಾಡುಗಳನ್ನು ಜನ ಪುಕ್ಕಟೆ ಹಂಚಿಕೊಳ್ಳುತ್ತಿದ್ದ ವೆಬ್‌ಸೈಟ್, ಸ್ವೀಡನ್ನಿನ ಪೈರೇಟ್ ಬೇ ಕೇಸನ್ನೇ ತಗೋ. 2009ರ ಏಪ್ರಿಲ್‌ನಲ್ಲಿ ನಾಲ್ಕು ಜನಕ್ಕೆ ತಲಾ ಒಂದು ವರ್ಷ ಜೈಲು, ಎಲ್ಲರೂ ಸೇರಿ 3 ಕೋಟಿ ಕ್ರೋನಾ ಪರಿಹಾರ ಕೊಡಬೇಕು ಅಂತ ತೀರ್ಪು. ವಾರ ಕಳೆಯುವುದರೊಳಗೆ ಗೊತ್ತಾಯಿತು, ತೀರ್ಪು ಕೊಟ್ಟ ಜಡ್ಜ್ ತೋಮಾಸ್ ನೂರ್‌ಸ್ಟ್ರೋಮ್ ಕಾಪಿರೈಟ್ ಸಂಘವೊಂದರ ಸದಸ್ಯರು ಅಂತ. ಮನರಂಜನಾ ಕಂಪನಿಗಳ ಪರವಾಗಿ ವಾದಿಸಿದ ಕೆಲವು ವಕೀಲರೂ ಅದೇ ಸಂಘದಲ್ಲಿದ್ದರು. ಮೇಲಿನ ಕೋರ್ಟು ವಿಚಾರಿಸಿ, ಇದರಲ್ಲಿ ಪಕ್ಷಪಾತ ಏನೂ ಇಲ್ಲ ಅಂದಿತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಶುರುವಿನಲ್ಲೇ ಎದ್ದು ನಿಂತು, ನಾನು ಇಂಥ ಸಂಘದಲ್ಲಿದ್ದೇನೆ, ಯಾರಿಗಾದರೂ ಆಕ್ಷೇಪ ಇದೆಯೇ ಅಂತ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆಮೇಲೆ ಅಪೀಲಿನಲ್ಲಿ ಮೂವರ ಜೈಲು ಶಿಕ್ಷೆ ಕಡಿಮೆಯಾಯಿತು, ಪರಿಹಾರದ ಮೊತ್ತ ಮಾತ್ರ 4.6 ಕೋಟಿಗೆ ಏರಿತು. ನ್ಯಾಯ ಇರುವುದು ಸಾಲದು, ಇದ್ದ ಹಾಗೆ ಕಾಣಿಸಲೂ ಬೇಕು. ಅಲ್ಲಿ ಕಾಣಿಸಲಿಲ್ಲ. ಇಷ್ಟನ್ನು ಒಪ್ಪಿದೆ.

ಅಮೆರಿಕದ ಜೇಮಿ ಥಾಮಸ್ ಕೇಸೂ ಓದಿದೆ. ಇಂಟರ್ನೆಟ್ಟಿನಲ್ಲಿ 24 ಹಾಡು ಹಂಚಿಕೊಂಡಿದ್ದಕ್ಕೆ 2007ರಲ್ಲಿ 2 ಲಕ್ಷ 22 ಸಾವಿರ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು. ಎರಡನೇ ವಿಚಾರಣೆಯಲ್ಲಿ ಅದು 19 ಲಕ್ಷ 20 ಸಾವಿರವಾಯಿತು! ಸುತ್ತಾಡಿ ಸುತ್ತಾಡಿ ಕೊನೆಗೆ ಮೊದಲಿನ ಮೊತ್ತಕ್ಕೇ ಬಂದು ನಿಂತಿತು. ಆದರೆ ಅದರ ನಡುವೆ ನಡೆದ ಒಂದು ವಿಷಯವನ್ನು ನೀನು ಬರೆದಿಲ್ಲ. ಮೊದಲ ವಿಚಾರಣೆ ಮುಗಿದ ಮೇಲೆ ಜಡ್ಜ್ ಮೈಕಲ್ ಡೇವಿಸ್, ಜ್ಯೂರಿಗೆ ತಾನೇ ತಪ್ಪಾಗಿ ಕಾನೂನು ಹೇಳಿಕೊಟ್ಟೆ ಅಂತ ಒಪ್ಪಿಕೊಂಡು ಆ ತೀರ್ಪನ್ನು ರದ್ದು ಮಾಡಿದರು. ಆಕೆಗೆ ಅದರಿಂದ ಲಾಭವಾಗಲಿಲ್ಲ, ನಿಜ. ಆದರೂ ಎಲ್ಲರಿಗೂ ಗೊತ್ತಾಗುವ ಹಾಗೆ ನನ್ನ ತಪ್ಪು ಅನ್ನುವ ಜಡ್ಜ್ ಇದ್ದಾರೆ ಅನ್ನುವುದನ್ನು ನಾನು ಸುಮ್ನೆ ಬಿಟ್ಟುಬಿಡಲಾರೆ.

ಆದರೆ ನಾನು ಇದನ್ನೆಲ್ಲ ಹೇಳಲು ಕೂತಿದ್ದಲ್ಲ. ಆರನ್ ಸ್ವಾರ್ಟ್ಜ್ ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರದಲ್ಲಿ ಆ ಹೆಸರು ಮೂರು ಸಲ ಇದೆ. ಅದಕ್ಕೇ ಜಾಸ್ತಿ ಹೆದರಿದೆ.

ಅಮೆರಿಕದ ಹುಡುಗ. 2011ರ ಜನವರಿಯಲ್ಲಿ ಹಿಡಿದರು. ಎಂಐಟಿ ಅನ್ನುವ ವಿಶ್ವವಿದ್ಯಾಲಯದ ನೆಟ್‌ವರ್ಕಿನಿಂದ ಜೆಸ್ಟೋರ್ ಅನ್ನುವ ಭಂಡಾರದ ಲಕ್ಷಾಂತರ ಸಂಶೋಧನಾ ಲೇಖನಗಳನ್ನು ಇಳಿಸಿಕೊಂಡಿದ್ದ. ಫೈಲುಗಳನ್ನು ವಾಪಸ್ ಕೊಟ್ಟ. ಜೆಸ್ಟೋರ್‌ನವರು ನಮ್ಮ ತಕರಾರು ಮುಗಿಯಿತು ಅಂದರು. ಎಂಐಟಿ, ನಾವು ಯಾರ ಪಕ್ಷವೂ ಅಲ್ಲ ಅಂತ ದೂರ ನಿಂತಿತು. ಸರ್ಕಾರಿ ವಕೀಲರು ಬಿಡಲಿಲ್ಲ. 2012ರ ಸೆಪ್ಟೆಂಬರ್ ಹೊತ್ತಿಗೆ ಆರೋಪಗಳು 13 ಆಗಿದ್ದವು. ವಿಚಾರಣೆ 2013ರ ಏಪ್ರಿಲ್‌ನಲ್ಲಿ ಇತ್ತು. ಜನವರಿ 11ಕ್ಕೆ ಆ ಹುಡುಗ ಜೀವ ಕಳೆದುಕೊಂಡ. 26 ವರ್ಷ. ಕೆಲವೇ ದಿನಗಳಲ್ಲಿ ಕೇಸು ಮುಚ್ಚಿದರು.

ಅವನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ನಾನ್ಯಾರು? ಪ್ರೀತಿಸುವವರು, ವಕೀಲರು, ಸ್ನೇಹಿತರು ಎಲ್ಲ ಇದ್ದರು ಅವನಿಗೆ. ಇದ್ದೂ ಹೀಗಾಯಿತು. ಹಾಗಿರುವಾಗ ಯಾರೂ ಬರಬೇಡಿ ಅಂತ ನೀನೇ ಬಾಗಿಲು ಹಾಕಿಕೊಂಡರೆ ನಾವೇನು ಮಾಡಬೇಕು? ಕೇಸಿನ ಭಾರ ಒಂದೇ ದಿನದ್ದಲ್ಲ ಪುಟ್ಟಿ. ಎರಡು ವರ್ಷ, ಮೂರು ವರ್ಷ, ಪ್ರತಿ ಬೆಳಗ್ಗೆ ಅದರ ಜೊತೆಗೇ ಏಳಬೇಕು. ನಿನಗೆ ಈಗ ನಿದ್ದೆ ಬರುತ್ತಿದೆಯಾ? ಇದನ್ನು ನಿಜವಾಗಿ ಕೇಳುತ್ತಿದ್ದೇನೆ, ಸುಮ್ಮನೆ ಕ್ಷೇಮ ವಿಚಾರಿಸಿದ್ದಲ್ಲ. ಮನಸ್ಸು ಕತ್ತಲೆಗೆ ಹೋಗುತ್ತಿದೆ ಅನ್ನಿಸಿದರೆ ಮಧ್ಯರಾತ್ರಿಯಾದರೂ ಫೋನ್ ಮಾಡು. ಡಾಕ್ಟರ ಹತ್ತಿರ ಹೋಗಬೇಕು ಅನ್ನಿಸಿದರೆ ನಾನು ಜೊತೆಗೆ ಬರುತ್ತೇನೆ.

ಅಮೆರಿಕದ ಸೈನ್ಯದಲ್ಲಿದ್ದ ಚೆಲ್ಸಿ ಮ್ಯಾನಿಂಗ್ ವಿಷಯದಲ್ಲೂ ನನಗೆ ಕಂಡಿದ್ದು ಅದೇ ಒಂಟಿತನ. ಸೈನ್ಯದ ಅಷ್ಟೊಂದು ಗುಟ್ಟಿನ ದಾಖಲೆ ಹೊರಗೆ ಕಳಿಸಿ, ಎದೆಯಲ್ಲಿ ಇಟ್ಟುಕೊಳ್ಳಲಾಗದೆ, ಮುಖವನ್ನೇ ನೋಡದ ಒಬ್ಬ ಅಪರಿಚಿತನ ಹತ್ತಿರ ಚಾಟ್‌ನಲ್ಲಿ ಎಲ್ಲ ಹೇಳಿಕೊಂಡಳು. ಅವನು ಹೋಗಿ ಅಧಿಕಾರಿಗಳಿಗೆ ಹೇಳಿದ. ಆಮೇಲೆ ಸುಮಾರು ಒಂಬತ್ತು ತಿಂಗಳು ಒಂಟಿ ಕೋಣೆ. ಅಷ್ಟು ಕಠಿಣವಾಗಿ ಇಟ್ಟಿದ್ದು ತಪ್ಪು ಅಂತ ಮಿಲಿಟರಿ ಜಡ್ಜ್ ಕೂಡ ಒಪ್ಪಿದರು, ಆದರೆ ಅದಕ್ಕೆ ಶಿಕ್ಷೆಯಲ್ಲಿ ಕಳೆದದ್ದು ಬರೀ 112 ದಿನ. ಶಿಕ್ಷೆ 35 ವರ್ಷ. 2017ರಲ್ಲಿ ಒಬಾಮ ಅದನ್ನು ಇಳಿಸದಿದ್ದರೆ ಇನ್ನೂ ಒಳಗೇ ಇರುತ್ತಿದ್ದಳೋ ಏನೋ. ಹತ್ತಿರದಲ್ಲಿ ನಂಬುವಂಥ ಒಬ್ಬರಿದ್ದಿದ್ದರೆ ಆ ಚಾಟ್ ನಡೆಯುತ್ತಿತ್ತಾ? ಇದನ್ನೇ ಯೋಚಿಸುತ್ತಿದ್ದೆ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ಇದನ್ನು ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ.

ನಾನು ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಪಕ್ಕದ ಮೇಜಿನಲ್ಲಿ ಒಬ್ಬರಿದ್ದರು. ಹೆಸರು ಬೇಡ. ಒಂದೇ ಕೆಲಸಕ್ಕೆ ಎರಡೆರಡು ಬಿಲ್ಲು ಪಾಸಾಗುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ನನ್ನ ಕಣ್ಣಿಗೂ ಬಿದ್ದಿತ್ತು. ಆ ವೋಚರುಗಳನ್ನು ನಾನೇ ಲೆಡ್ಜರಿಗೆ ಹತ್ತಿಸಿದ್ದೆ. ಅವರು ಬರೆದು ದೂರು ಕೊಟ್ಟರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ನೀವು ನೋಡಿದ್ದನ್ನು ಎರಡು ಸಾಲು ಬರೆದುಕೊಡಿ, ಸಾಕು" ಅಂದರು. ನಾನು ಏನಂದೆ ಗೊತ್ತಾ? "ಏನು ಪ್ರಯೋಜನ ಸರ್, ವಿಚಾರಣೆ ಮಾಡುವವರೂ ಅವರ ಕಡೆಯವರೇ ಅಲ್ವಾ" ಅಂದೆ.

ನೀನು ಬರೆದ ಮಾತೇ ಅದು. ಅದಕ್ಕೇ ನನಗೆ ಚುಚ್ಚಿತು.

ವಿಚಾರಣೆಯ ದಿನ ಅವರು ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಫೈಲು. ನಾನು ಅದೇ ದಾರಿಯಲ್ಲಿ ಎರಡು ಸಲ ಓಡಾಡಿದೆ, ತಲೆ ಎತ್ತಲಿಲ್ಲ. ವರದಿ ಬಂತು, ಆರೋಪಕ್ಕೆ ಸಾಕ್ಷಿ ಇಲ್ಲ ಅಂತ. ಸಾಕ್ಷಿ ನಾನಿದ್ದೆ. ಅವರಿಗೆ ಇನ್‌ಕ್ರಿಮೆಂಟು ನಿಂತಿತು, ವರ್ಗಾವಣೆಯಾಯಿತು. ಹೋಗುವ ದಿನ ಎಲ್ಲರ ಹತ್ತಿರ ಬಂದು ಹೇಳಿ ಹೋದರು, ನನ್ನ ಹತ್ತಿರವೂ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವಿಚಾರಣೆ ಮಾಡಿದವರು ಕೆಟ್ಟವರೋ ಒಳ್ಳೆಯವರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಲು ನಾನು ಅವಕಾಶವನ್ನೇ ಕೊಡಲಿಲ್ಲವಲ್ಲ. ವ್ಯವಸ್ಥೆಯ ಮೇಲೆ ನಂಬಿಕೆ ಇಲ್ಲ ಅನ್ನುವುದು ನನಗೆ ಅನುಕೂಲವಾಗಿತ್ತು. ಅದರ ಹಿಂದೆ ನಿಂತುಬಿಟ್ಟೆ.

2003ರ ನವೆಂಬರ್‌ನಲ್ಲಿ ಸತ್ಯೇಂದ್ರ ದುಬೆ ಸುದ್ದಿ ಬಂತು. ಹೆದ್ದಾರಿ ಕೆಲಸದ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಎಂಜಿನಿಯರ್. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರೂ ಆ ಪತ್ರ ಕಚೇರಿಯಿಂದ ಕಚೇರಿಗೆ ಹೋಯಿತು. ಗಯಾದಲ್ಲಿ ಗುಂಡು ಹೊಡೆದರು. ದರೋಡೆಗೆ ಬಂದವರು ಕೊಂದರು ಅಂತ ಸಿಬಿಐ ಹೇಳಿತು. ಆ ಸುದ್ದಿ ಓದಿದ ದಿನ ನಾನು, ನೋಡು, ಸುಮ್ಮನಿದ್ದದ್ದೇ ಸರಿಯಾಯಿತು ಅಂದುಕೊಂಡೆ. ಸತ್ತ ಹುಡುಗನಿಗೆ ಮರುಗುವ ಬದಲು ನನ್ನ ಹೇಡಿತನಕ್ಕೆ ಸಮಾಧಾನ ಹುಡುಕಿದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೀಗೆ ಬಾಯಿ ಬಿಟ್ಟವರನ್ನು ಕಾಪಾಡಲು 2014ರಲ್ಲಿ ಕಾನೂನು ಪಾಸಾಯಿತು, ರಾಷ್ಟ್ರಪತಿಯ ಅಂಕಿತವೂ ಬಿತ್ತು. ಜಾರಿ ಮಾತ್ರ ವರ್ಷಗಟ್ಟಲೆ ಆಗಲಿಲ್ಲ. ಹಾಗಾಗಿ ಸರ್ಕಾರವನ್ನು ನಂಬು ಅಂತ ನಾನು ನಿನಗೆ ಹೇಳಲಾರೆ. ಹೇಳಿದರೆ ನೀನೇ ನಗುತ್ತೀಯ.

ನೀನು ಬರೆಯದ ಇನ್ನೊಂದು ಹೆಸರು ಇದೆ, ಡೇನಿಯಲ್ ಎಲ್ಸ್‌ಬರ್ಗ್. ವಿಯೆಟ್ನಾಂ ಯುದ್ಧದ ಗುಟ್ಟಿನ ಕಾಗದಗಳನ್ನು ಹೊರಗೆ ತಂದವರು. 115 ವರ್ಷದವರೆಗೆ ಜೈಲಾಗುವಂಥ ಆರೋಪಗಳಿದ್ದವು. ವಿಚಾರಣೆ ನಡೆಯುತ್ತಿರುವಾಗಲೇ ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ ಕಡೆಯವರು ಹೋಗಿ ಆ ಜಡ್ಜ್ ಜೊತೆ ಎಫ್‌ಬಿಐ ಮುಖ್ಯಸ್ಥನ ಹುದ್ದೆಯ ಮಾತಾಡಿದ್ದರು. ಇದಕ್ಕಿಂತ ಅಪನಂಬಿಕೆಗೆ ಕಾರಣ ಬೇಕಾ? ಅದೇ ಜಡ್ಜ್, ಎಲ್ಸ್‌ಬರ್ಗರ ಮನೋವೈದ್ಯರ ಕಚೇರಿಗೆ ಸರ್ಕಾರದ ಕಡೆಯವರೇ ಕಳ್ಳತನದಿಂದ ನುಗ್ಗಿದ್ದು ಹೊರಗೆ ಬಂದ ಮೇಲೆ, 1973ರ ಮೇ 11ರಂದು ಇಡೀ ಕೇಸನ್ನೇ ಕಿತ್ತು ಹಾಕಿದರು. ಆ ಕಾಗದಗಳನ್ನು ಝೆರಾಕ್ಸ್ ಮಾಡುವ ರಾತ್ರಿಗಳಿಂದಲೇ ಅವರ ಜೊತೆ ಸ್ನೇಹಿತ ಆಂಟನಿ ರುಸ್ಸೋ ಇದ್ದರು. ಕೋರ್ಟಿನಲ್ಲೂ ಪಕ್ಕದಲ್ಲೇ ಆರೋಪಿಯಾಗಿ ಕೂತಿದ್ದರು. ಹೆಂಡತಿ ಪ್ಯಾಟ್ರೀಷಿಯಾ ಜೊತೆಗಿದ್ದರು. ನಾನು ಆ ಕಥೆಯಲ್ಲಿ ಕೋರ್ಟಿಗಿಂತ ಜಾಸ್ತಿ ಆ ಪಕ್ಕದ ಕುರ್ಚಿಯನ್ನೇ ನೋಡುತ್ತೇನೆ.

ಎಲ್ಲರಿಗೂ ಹಾಗೆ ಆಗುವುದಿಲ್ಲ, ಗೊತ್ತು. ಅಮೆರಿಕ ಸರ್ಕಾರ ಗುಟ್ಟಾಗಿ ಜನರ ಫೋನ್ ದಾಖಲೆಗಳನ್ನು ಸಂಗ್ರಹಿಸುತ್ತಿದೆ ಅಂತ ಸ್ನೋಡೆನ್ ಅನ್ನುವವನು 2013ರಲ್ಲಿ ಹೊರಗೆ ಹಾಕಿದ. ಆ ಸಂಗ್ರಹ ಕಾನೂನುಬಾಹಿರ ಅಂತ ಅಮೆರಿಕದ ಅಪೀಲು ಕೋರ್ಟೇ 2020ರಲ್ಲಿ ಹೇಳಿತು. ಆಗಲೂ ಅವನು ರಷ್ಯಾದಲ್ಲೇ ಇದ್ದ. ತೀರ್ಪು ಬಂದರೂ ಮನೆಗೆ ಬರುವ ಹಾಗಿಲ್ಲ. ಇಂಥದ್ದನ್ನು ನಿನ್ನಿಂದ ಬಚ್ಚಿಟ್ಟು ಧೈರ್ಯ ಹೇಳಲು ನನಗೆ ಇಷ್ಟವಿಲ್ಲ.

ಏನು ಮಾಡಬೇಕು ಅಂತ ಹೇಳುವಷ್ಟು ಕಾನೂನು ನನಗೆ ಬರುವುದಿಲ್ಲ. ಆದರೂ ಒಂದೆರಡು ಮಾತು, ಗೊತ್ತಿದ್ದರೆ ಬಿಟ್ಟುಬಿಡು. ಯಾವುದೇ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸು. ಅವರನ್ನು ಪೂರ್ತಿ ನಂಬಬೇಕಾಗಿಲ್ಲ, ಓದಿಸಿದರೆ ಸಾಕು. ಖರ್ಚಿನ ವಿಷಯ ನಿನ್ನ ಅಪ್ಪ ಮತ್ತು ನಾನು ಮಾತಾಡಿಕೊಂಡಿದ್ದೇವೆ. ಯಾವ ದಿನ ಯಾರು ಕರೆದರು, ಏನು ಕೇಳಿದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ನಿನ್ನ ಕೈಯಲ್ಲೇ ಬರೆದಿಡು. ಆಫೀಸಿನವರು ಕೊಟ್ಟ ಫೋನಿನಲ್ಲಿ ನಮ್ಮ ಜೊತೆ ಈ ವಿಷಯ ಮಾತಾಡಬೇಡ. ಸಿಟ್ಟಿನಲ್ಲಿ ಏನನ್ನೂ ಅಳಿಸಬೇಡ ಕೂಡ, ಆಮೇಲೆ ಅದನ್ನೇ ನಿನ್ನ ತಪ್ಪು ಅಂತ ತೋರಿಸುತ್ತಾರೆ. ಮುಖ ನೋಡದವರ ಹತ್ತಿರ ದುಃಖ ಹೇಳಿಕೊಳ್ಳಬೇಡ. ಇದನ್ನು ಬರೆಯುವಾಗ ಉಪದೇಶದ ಹಾಗೆ ಕೇಳುತ್ತಿದೆ ಅಂತ ನನಗೇ ಅನ್ನಿಸುತ್ತಿದೆ. ಅಂದು ಎರಡು ಸಾಲು ಬರೆಯದವಳು ಇಂದು ಪುಟಗಟ್ಟಲೆ ಬರೆಯುತ್ತಿದ್ದೇನೆ, ನೀನೇ ಅರ್ಥ ಮಾಡಿಕೋ.

ನಿನಗೆ ಕೋರ್ಟಿನ ಮೇಲೆ ನಂಬಿಕೆ ಬರಲಿ ಅಂತ ನಾನು ಕೇಳುತ್ತಿಲ್ಲ. ನಂಬಿಕೆ ಇಲ್ಲದಿದ್ದರೆ ಇಲ್ಲದೆಯೇ ಹೋಗು. ಒಬ್ಬಳೇ ಹೋಗಬೇಡ, ಅಷ್ಟೇ. ನಿನ್ನ ಜೊತೆ ಕೆಲಸ ಮಾಡುವವರಲ್ಲಿ ನಾನಿದ್ದ ಹಾಗೆ ನೋಡಿಯೂ ಸುಮ್ಮನಿರುವವರು ಒಬ್ಬರಾದರೂ ಇರುತ್ತಾರೆ. ಇನ್ನೊಮ್ಮೆ ಕೇಳು ಅವರನ್ನು. ನನ್ನ ಹತ್ತಿರ ಆ ಸಂಜೆಯ ನಂತರ ಅವರು ಎರಡನೇ ಸಲ ಬಂದು ಕೇಳಿದ್ದರೆ ಬರೆದುಕೊಡುತ್ತಿದ್ದೆನೋ ಏನೋ.

ವಿಚಾರಣೆಯ ದಿನಾಂಕ ತಿಳಿದ ಕೂಡಲೇ ನನಗೆ ಹೇಳು. ಹಿಂದಿನ ದಿನವೇ ಬಂದಿರುತ್ತೇನೆ. ಒಳಗೆ ಬಿಡದಿದ್ದರೂ ಪರವಾಗಿಲ್ಲ, ಹೊರಗಿನ ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ